ಹುಲೀನ ಹುಲಿಯಾಗೇ ಇರಕ್ಕೆ ಬಿಡಿ: ಹಡಗು ಮುಳುಗಿದ ಕಾದಂಬರೀನ ಹತ್ತು ಜನ ಕೂತು ಓದೋದು ಹೇಗೆ

ಹೋದ್ ವರ್ಷ ಮುಂಬೈ ಹತ್ರದ ಡೊಂಬಿವಲಿಲಿ ನಮ್ ಓದೋ ಗುಂಪಿಗೆ ಯಾನ್ ಮಾರ್ಟೆಲ್ ಬರೆದ 'ಲೈಫ್ ಆಫ್ ಪೈ' ಇಟ್ಕೊಂಡಿದ್ವಿ, ನಡೆಸಿಕೊಡೋ ಜವಾಬ್ದಾರಿ ನಂದು. ಹಡಗು ಮುಳುಗಿ, ಪಾಂಡಿಚೇರಿಯ ಝೂ ಮಾಲೀಕನ ಮಗ ಪೈ ಲೈಫ್‌ಬೋಟಲ್ಲಿ ಕೆಲವು ಪ್ರಾಣಿ ಜೊತೆ, ಕೊನೆಗೆ ಒಂದು ಹುಲಿ ಜೊತೆ ಉಳಿಯೋ ಕಥೆ. ಮೂರು ವಾರ ಲೋಕಲ್ ಟ್ರೇನಲ್ಲಿ ನಿಂತ್ಕೊಂಡೇ ನೋಟ್ಸ್ ಮಾಡಿದ್ದೆ. ಕೂತು ಹತ್ತು ನಿಮಿಷ ಆಗಿಲ್ಲ, ಒಬ್ರು "ಹೈನಾ ಅಂದ್ರೆ ಅಡುಗೆಯವನು, ಜೀಬ್ರಾ ಅಂದ್ರೆ ಆ ಕಾಲು ಮುರಿದ ನಾವಿಕ, ಒರಾಂಗುಟಾನ್ ಅಂದ್ರೆ ಅಮ್ಮ, ಹುಲಿ ಅಂದ್ರೆ ಅವನೇ, ಸಿನಿಮಾದಲ್ಲಿ ಕೊನೇಲಿ ಹೇಳ್ತಾನಲ್ಲಾ" ಅಂದ್ಬಿಟ್ರು. ಎಲ್ರೂ ಹೌದು ಹೌದು ಅಂದ್ರು. ಮುಗೀತು ಕಥೆ. ಒಳಗೆ ಚಹಾ ಇನ್ನೂ ಕುದೀತಾ ಇತ್ತು. ಉಳಿದ ಒಂದೂಮುಕ್ಕಾಲು ಗಂಟೆ ಭಾನುವಾರದ ಮೆಗಾಬ್ಲಾಕ್ (ರಿಪೇರಿಗೆ ಅಂತ ಲೋಕಲ್ ಟ್ರೇನ್ ನಿಲ್ಸೋದು) ಬಗ್ಗೆ ಮಾತಾಡಿ ಎದ್ವಿ.

ಈ ವರ್ಷ ಅದೇ ಪುಸ್ತಕಾನ ಮಾಟುಂಗಾ ಕಡೆಯ ಇನ್ನೊಂದು ಗುಂಪಲ್ಲಿ ಮತ್ತೆ ಮಾಡ್ದೆ, ಮೂರು ಗಂಟೆ ಆದ್ರೂ ಯಾರೂ ಏಳ್ಲಿಲ್ಲ, ಕಲ್ಯಾಣ್ ಕಡೆ ಹೋಗೋರು ಮಾತ್ರ ವಾಚ್ ನೋಡ್ಕೊಂಡು ಓಡಿದ್ರು. ಏನು ಬದಲಾಯಿಸಿದ್ದೆ ಅಂತ ಇಬ್ರು ಮೂರು ಜನ ಕೇಳಿದ್ರು, ಅದಕ್ಕೇ ಬರೀತಿದೀನಿ. ಕಥೆ ಪೂರ್ತಿ ಬಿಚ್ಚಿಡ್ತೀನಿ, ಓದದೇ ಇರೋರು ಓದಿ ಆಮೇಲೆ ಬನ್ನಿ.

ನಾನು ಮಾಡಿದ ದೊಡ್ಡ ಬದಲಾವಣೆ ಒಂದೇ. "ಹುಲಿ ಅಂದ್ರೆ ಏನು" ಅನ್ನೋ ಪ್ರಶ್ನೇನ ಕೊನೇ ಅರ್ಧ ಗಂಟೆವರೆಗೂ ಬ್ಯಾನ್ ಮಾಡ್ದೆ. ಯಾರಾದ್ರೂ "ಅದು ಸಿಂಬಲ್" ಅಂದ್ರೆ 10 ರೂಪಾಯಿ ಡಬ್ಬಿಗೆ. ನಗಬೇಡಿ, 140 ರೂಪಾಯಿ ಆಯ್ತು, ಅದ್ರಲ್ಲಿ 30 ನಂದೇ.

ಮೊದ್ಲು ತಯಾರಿ. ಸಿನಿಮಾ ನೋಡಿರೋರು ಎಷ್ಟು ಜನ ಅಂತ ಕೇಳಿಟ್ಕೊಳಿ. 2012ರ ಆಂಗ್ ಲೀ ಸಿನಿಮಾ, ನಾಲ್ಕು ಆಸ್ಕರ್ ಬಂದಿದ್ದು, ಅದ್ರಲ್ಲಿ ಸಮುದ್ರ ಎಷ್ಟು ಚೆಂದ ಇದೆ ಅಂದ್ರೆ ಹುಡುಗನಿಗೆ ಬಾಯಾರಿದೆ ಅನ್ನೋದೇ ಮರೆತೋಗುತ್ತೆ. ನೋಡಿರೋರಿಗೆ ಬೈಬೇಡಿ, ಪುಸ್ತಕದ ನಡುವಿನ ಭಾಗ ಮಾತ್ರ ಇನ್ನೊಂದ್ಸಲ ಓದ್ಕೊಂಡ್ ಬನ್ನಿ ಅನ್ನಿ. ಪುಸ್ತಕ ಕಿಂಗ್ಸ್ ಸರ್ಕಲ್ ಹತ್ರ ಫುಟ್‌ಪಾತಲ್ಲಿ ಹಳೇ ಪ್ರತಿ ಸಿಕ್ಕೇ ಸಿಗುತ್ತೆ, 2002ರಲ್ಲಿ ಬೂಕರ್ ಬಂದಿದ್ದಲ್ವಾ, ಅದಾದ್ಮೇಲೆ ಎಲ್ಲಾರೂ ಕೊಂಡು ಅರ್ಧ ಓದಿ ಮಾರಿದಾರೆ. ಇಂಗ್ಲಿಷ್ ಕಷ್ಟ ಅನ್ನೋರ ಪಕ್ಕ ಓದೋರನ್ನ ಕೂರಿಸಿ, ಅವ್ರು ಕನ್ನಡದಲ್ಲಿ ಹೇಳ್ತಾ ಹೋಗ್ಲಿ, ನಮ್ ಗುಂಪಲ್ಲಿ ಧಾರವಾಡದ ಒಬ್ರು ಅಕ್ಕ ಹಂಗೇ ಹೇಳ್ತಿದ್ರು, ನಿಜ ಹೇಳ್ಬೇಕಂದ್ರೆ ಯಾನ್ ಮಾರ್ಟೆಲ್ ಬರೆದಿದ್ದಕ್ಕಿಂತ ಅವ್ರು ಹೇಳಿದ್ದೇ ಚೆನ್ನಾಗಿತ್ತು.

ಮುಂದೆ ಇರೋ ಲೇಖಕರ ಮಾತನ್ನ ಹಾರಿಸ್ಬೇಡಿ, ಹೆಚ್ಚಿನೋರು ಹಾರಿಸ್ತಾರೆ. ಅದ್ರಲ್ಲಿ ನಮ್ ಮಾಥೇರಾನ್ ಬರುತ್ತೆ! ಪೋರ್ಚುಗಲ್ ಬಗ್ಗೆ ಕಾದಂಬರಿ ಬರೀತೀನಿ ಅಂತ ಮಾಥೇರಾನಲ್ಲಿ ಕೂತ ಲೇಖಕನಿಗೆ ಅದು ಕೈಕೊಡುತ್ತೆ, ಟಿಪ್ಪಣಿ ಎಲ್ಲಾ ಕವರಿಗೆ ಹಾಕಿ ಸೈಬೀರಿಯಾದ ಯಾವುದೋ ಸುಳ್ಳು ವಿಳಾಸಕ್ಕೆ ಕಳಿಸ್ತಾನೆ, ವಾಪಸ್ ವಿಳಾಸ ಬೊಲಿವಿಯಾದ್ದು, ಅದೂ ಸುಳ್ಳು. ಆಮೇಲೆ ಪಾಂಡಿಚೇರಿ ಕಾಫಿ ಹೌಸಲ್ಲಿ ಒಬ್ಬ ಮುದುಕ ಸಿಗ್ತಾನೆ, ದೇವರನ್ನ ನಂಬೋ ಹಾಗೆ ಮಾಡೋ ಕಥೆ ನನ್ ಹತ್ರ ಇದೆ ಅಂತಾನೆ. ಅಂದ್ರೆ ಪುಸ್ತಕ ಶುರುವಾಗೋ ಮೊದ್ಲೇ ಮುದುಕ ಒಂದು ದೊಡ್ಡ ಭರವಸೆ ಕೊಟ್ಬಿಟ್ಟಿದಾನೆ. ಅದು ನಡೀತಾ ಇಲ್ವಾ ಅಂತ ಕೊನೇಲಿ ಕೇಳಕ್ಕೆ ಒಂದು ಚೀಟೀಲಿ ಬರೆದಿಟ್ಕೊಳಿ.

ಈಗ ಮುಖ್ಯ ಕೆಲಸ. ಒಂದು ಸೀಮೆಸುಣ್ಣ, ಒಂದು ಅಳತೆ ಟೇಪು ತಗೊಂಡು ಬಿಲ್ಡಿಂಗ್ ಟೆರೇಸಿಗೆ ಹೋಗಿ. (ಸೊಸೈಟಿ ಸೆಕ್ರೆಟರಿ ಪರ್ಮಿಷನ್ ಮೊದ್ಲೇ ತಗೊಳಿ, ಕಾರಣ ಕೇಳಿದ್ರೆ ಸಾಹಿತ್ಯ ಅನ್ನಿ, ಮುಂದೆ ಕೇಳಲ್ಲ.) 26 ಅಡಿ ಉದ್ದ, 8 ಅಡಿ ಅಗಲ ಎಳೀರಿ, ಎರಡೂ ತುದಿ ಸ್ವಲ್ಪ ಚೂಪು ಮಾಡಿ. ಪೈ ಇದ್ದ ಲೈಫ್‌ಬೋಟಿನ ಅಳತೆ ಇದೇ, ಆಳ ಮೂರೂವರೆ ಅಡಿ. ಅರ್ಧದಷ್ಟು ಜಾಗದ ಮೇಲೆ ಒಂದು ಹಳೇ ಬೆಡ್‌ಶೀಟ್ ಹಾಸಿ, ಅದು ಟಾರ್ಪಾಲಿನ್, ಅದ್ರ ಕೆಳಗೆ ರಿಚರ್ಡ್ ಪಾರ್ಕರ್, ಹುಲಿ ಹೆಸರೇ ಅದು, 450 ಪೌಂಡ್, ಅಂದ್ರೆ 200 ಕೆ.ಜಿ.ಗಿಂತ ಸ್ವಲ್ಪ ಮೇಲೆ. ಈಗ ಎಲ್ಲಾರನ್ನೂ ಒಳಗೆ ಕೂರಿಸಿ.

ನಮ್ಮಲ್ಲಿ ಏನಾಯ್ತು ಅಂತ ಹೇಳ್ತೀನಿ. ಬ್ಯಾಂಕಿಂದ ರಿಟೈರ್ ಆಗಿರೋ ಅಂಕಲ್ ಒಬ್ರು ತಲೇಲೇ ಗುಣಿಸಿ "208 ಸ್ಕ್ವೇರ್ ಫೀಟು, ಬಿಡಿಡಿ ಚಾಳಿನ (ಹಳೇ ವಠಾರದ) ಖೋಲಿ 160 ಇರ್ತಿತ್ತು, ನಾವು ಏಳು ಜನ ಇದ್ವಿ ವರ್ಲೀಲಿ" ಅಂದ್ರು. ಎಲ್ರೂ ನಕ್ರು. ಆಮೇಲೆ ಅವ್ರೇ ಬೆಡ್‌ಶೀಟ್ ಕಡೆ ನೋಡಿ ನಿಧಾನಕ್ಕೆ ಕಾಲು ಮಡಚಿ ಹಿಂದೆ ಸರಿದ್ರು. ಕೆಳಗೆ ಏನೂ ಇಲ್ಲ ಅಂತ ಗೊತ್ತು, ಆದ್ರೂ ಸರಿದ್ರು. ಅವತ್ತು ಆ ಬೆಡ್‌ಶೀಟಿನ ಅಂಚಿಗೆ ಒಬ್ರೂ ಕಾಲು ಚಾಚ್ಲಿಲ್ಲ, ಗಮನಿಸಿದೀನಿ ನಾನು. ಹುಲಿ ಅನ್ನೋದು ಮೊದ್ಲು ಜಾಗದ ಪ್ರಶ್ನೆ, ಅರ್ಥದ ಪ್ರಶ್ನೆ ಆಮೇಲೆ, ಅಂತ ನಾನು ಅರ್ಧ ಗಂಟೆ ಭಾಷಣ ಮಾಡಿದ್ರೂ ಇಷ್ಟು ತಲುಪ್ತಿರ್ಲಿಲ್ಲ.

ಇಲ್ಲೇ ಪೈ ಅಪ್ಪನ ಝೂ ಪಾಠಗಳನ್ನ ತೆಗೀರಿ. ಪ್ರತಿ ಪ್ರಾಣಿಗೂ ಇಷ್ಟು ದೂರದವರೆಗೆ ಬರಬಹುದು, ಅದರ ಮೇಲೆ ಬಂದ್ರೆ ಓಡುತ್ತೆ ಇಲ್ಲಾ ಮೈಮೇಲೆ ಬರುತ್ತೆ ಅನ್ನೋ ಒಂದು ಅಳತೆ ಇರುತ್ತೆ. ಮನೆಗೆ ಹೋಮ್‌ವರ್ಕ್ ಕೊಡಿ: ಸ್ಟೇಷನ್ ಪ್ಲಾಟ್‌ಫಾರ್ಮಲ್ಲಿ ಪಾರಿವಾಳ ಎಷ್ಟು ಹತ್ರ ಬಿಟ್ಕೊಳುತ್ತೆ, ಕಾಗೆ ಎಷ್ಟು, ಬೀದಿನಾಯಿ ಎಷ್ಟು, ನೋಡ್ಕೊಂಡ್ ಬನ್ನಿ ಅಂತ. ಪಾರಿವಾಳಕ್ಕೆ ಮುಂಬೈಯಲ್ಲಿ ನಾಚಿಕೆನೇ ಇಲ್ಲ, ಒಂದಡಿಗೂ ಅಲ್ಲಾಡಲ್ಲ. ಟೈಮ್ ಇದ್ರೆ ಬೈಕಲಾದ ರಾಣಿ ಬಾಗಿಗೆ ಹೋಗಿ ನಿಜವಾದ ಹುಲಿ ನೋಡ್ಕೊಂಡ್ ಬನ್ನಿ, ಬುಧವಾರ ಬೇಡ, ಅವತ್ತು ರಜಾ. ಪೈ ಬದುಕಿದ್ದು ಧೈರ್ಯದಿಂದ ಅಲ್ಲ, ಈ ಅಳತೆ ಗೊತ್ತಿದ್ದಿದ್ರಿಂದ. ದೋಣಿನ ಅಡ್ಡಡ್ಡ ಅಲ್ಲಾಡಿಸಿ ಹುಲಿಗೆ ವಾಂತಿ ಬರಿಸೋದು, ಜೊತೆಗೆ ಸೀಟಿ ಊದೋದು, ಆಮೇಲೆ ಸೀಟಿ ಕೇಳಿದ್ರೇ ಹುಲಿಗೆ ಹೊಟ್ಟೆ ತೊಳಸ್ಬೇಕು, ಹಂಗೆ ಮಾಡ್ತಾನೆ. ಆಮೆ ಚಿಪ್ಪನ್ನ ಗುರಾಣಿ ಮಾಡ್ಕೊಂಡು ನಿಲ್ತಾನೆ. ಸರ್ಕಸ್ ಬುದ್ಧಿ.

ಝೂ ಭಾಗದಲ್ಲಿ ಇನ್ನೊಂದು ಇದೆ, ಹುಲಿ ಎಷ್ಟು ಅಪಾಯ ಅಂತ ತೋರಿಸಕ್ಕೆ ಮೂರು ದಿನ ಉಪವಾಸ ಕೆಡವಿದ ಹುಲಿ ಮುಂದೆ ಅಪ್ಪ ಆಡು ಬಿಡ್ತಾನೆ, ಆ ಹುಲಿ ಹೆಸರು ಮಹಿಷ. ಹುಲಿಗೆ ಮಹಿಷ ಅಂತ! ಮೈಸೂರಿನೋರು ಒಬ್ರಿದ್ರು, ಅವ್ರು ನಗು ನಿಲ್ಸಕ್ಕೇ ಆಗ್ಲಿಲ್ಲ.

ಮುಂದಿನದು ಲೆಕ್ಕ. ಒಂದು ನೋಟ್‌ಬುಕ್ ತಗೊಂಡು ಎರಡು ಬಣ್ಣದ ಪೆನ್ನಲ್ಲಿ ಬರೀಬೇಕು, ನೀಲಿ ಹೊಟ್ಟೆಗೆ, ಕೆಂಪು ದೇವರಿಗೆ. ಪುಸ್ತಕದಲ್ಲೇ ದೋಣಿಯ ಸಾಮಾನು ಪಟ್ಟಿ ಇದೆ, ಥೇಟ್ ತಿಂಗಳ ರೇಷನ್ ಲಿಸ್ಟ್ ಥರ: ಅರ್ಧ ಲೀಟರಿನ ನೀರಿನ ಡಬ್ಬ 124, ತಿನ್ನೋ ಪ್ಯಾಕೆಟ್ 31, ಸೂರ್ಯನ ಬಿಸಿಲಿಂದ ಉಪ್ಪುನೀರನ್ನ ಸಿಹಿ ಮಾಡೋ ಸಲಕರಣೆ 12, ಹೀಗೆ. ಅವನೇ ಲೆಕ್ಕ ಹಾಕ್ತಾನೆ, ಊಟ 93 ದಿನಕ್ಕೆ, ನೀರು 124 ದಿನಕ್ಕೆ. ಅವನು ಸಮುದ್ರದಲ್ಲಿದ್ದಿದ್ದು 227 ದಿನ. ಈ ಮೂರು ಸಂಖ್ಯೆನ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ, ಬೇರೆ ವಿವರಣೆನೇ ಬೇಡ. (22ನ್ನ 7ರಿಂದ ಭಾಗಿಸಿದ್ರೆ ಪೈ, ದಿನ 227. ಇದನ್ನ ಕಂಡುಹಿಡಿದೋರು ಗುಂಪಲ್ಲಿ ಒಬ್ರು ಇದ್ದೇ ಇರ್ತಾರೆ, ಅವ್ರಿಗೆ ಒಂದು ಶಭಾಷ್ ಕೊಟ್ಟು ಮುಂದೆ ಹೋಗಿ, ಅದ್ರಲ್ಲೇ ಸಿಕ್ಕಾಕೊಬೇಡಿ.)

ಅಷ್ಟೊಂದು ನೀರಿನ ಮಧ್ಯೆ ಯಾಕೆ ಬಾಯಾರಿಕೆ ಅಂತ ಯಾರೋ ಮಕ್ಕಳಲ್ಲ, ದೊಡ್ಡೋರೇ ಕೇಳ್ತಾರೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ, ನಮ್ ಕಿಡ್ನಿಗೆ ಅಷ್ಟು ಗಟ್ಟಿ ಉಪ್ಪನ್ನ ಹೊರಗೆ ಹಾಕೋ ತಾಕತ್ತಿಲ್ಲ, ಕುಡಿದಿದ್ದಕ್ಕಿಂತ ಜಾಸ್ತಿ ನೀರನ್ನ ಮೈಯಿಂದಲೇ ಕಿತ್ಕೊಂಡು ಕಳಿಸುತ್ತೆ. ಅದಕ್ಕೇ ಮಳೆ ನೀರು, ಅದಕ್ಕೇ ಆಮೆ ರಕ್ತ. ಇದೆಲ್ಲಾ ಬರೀ ಕಥೆನಾ ಅಂದ್ರೆ ಎರಡು ನಿಜ ಉದಾಹರಣೆ ಇಟ್ಕೊಂಡಿರಿ. 1942ರಲ್ಲಿ ಟಾರ್ಪಿಡೋ ಬಡಿದು ಹಡಗು ಮುಳುಗಿದ್ಮೇಲೆ ಪೂನ್ ಲಿಮ್ ಅನ್ನೋ ಚೀನೀ ನಾವಿಕ ಅಟ್ಲಾಂಟಿಕಲ್ಲಿ ಒಬ್ನೇ ತೆಪ್ಪದ ಮೇಲೆ 133 ದಿನ ಇದ್ದ, ಟಾರ್ಚಿನ ತಂತಿ ಬಗ್ಗಿಸಿ ಗಾಳ ಮಾಡ್ಕೊಂಡು ಮೀನು ಹಿಡಿದ. 1982ರಲ್ಲಿ ಸ್ಟೀವನ್ ಕ್ಯಾಲಹನ್ 76 ದಿನ ಇದ್ದ, ಅದೇ ಬಿಸಿಲಿಂದ ನೀರು ತೆಗೆಯೋ ಸಲಕರಣೆ ಇಟ್ಕೊಂಡು ಒದ್ದಾಡಿದ್ದ, ಆಮೇಲೆ ಅವನನ್ನೇ ಈ ಸಿನಿಮಾಗೆ ಸಲಹೆಗಾರನಾಗಿ ಕರೆದ್ರು.

ಈಗ ಕೆಂಪು ಪೆನ್ನು. ಆ ಸಾಮಾನು ಪಟ್ಟಿ ಕೊನೇಲಿ ಏನಿದೆ ನೋಡಿ: ಹುಲಿ ಒಂದು, ದೋಣಿ ಒಂದು, ಸಮುದ್ರ ಒಂದು, ದೇವರು ಒಂದು. ಕ್ಯಾನ್ ಓಪನರ್ ಬರೆದ ಪಟ್ಟೀಲೇ ದೇವರನ್ನೂ ಬರೆದಿದಾನೆ. ಇದನ್ನ ನೀಲೀಲಿ ಬರೀಬೇಕಾ ಕೆಂಪಲ್ಲಿ ಬರೀಬೇಕಾ ಅಂತ ನಮ್ಮಲ್ಲಿ ಇಪ್ಪತ್ತು ನಿಮಿಷ ಜಗಳ. ಆಮೇಲೆ ಅವನ ದಿನಚರಿ ಇದೆಯಲ್ಲಾ, ಎದ್ದು ಪ್ರಾರ್ಥನೆ, ಹುಲಿಗೆ ತಿಂಡಿ, ತೆಪ್ಪ ಗಂಟು ಸರಿ ಇದ್ಯಾ ನೋಡೋದು, ನೀರಿನ ಸಲಕರಣೆ ಒರೆಸೋದು, ಮತ್ತೆ ಪ್ರಾರ್ಥನೆ, ಹೀಗೇ ಹೋಗುತ್ತೆ, ಅದನ್ನೂ ಬಣ್ಣ ಹಾಕಿಸಿ. ಪುಟ ನೋಡಿದ್ರೆ ಕೆಂಪು ನೀಲಿ ಹೆಣೆದ ಹಗ್ಗದ ಥರ ಕಾಣುತ್ತೆ. ನಂಬಿಕೆ ಅಂದ ತಕ್ಷಣ ನಾವು ದೊಡ್ಡ ಮಾತು ಶುರು ಮಾಡ್ತೀವಿ, ಈ ಹುಡುಗನಿಗೆ ಅದು ಪಾತ್ರೆ ತೊಳೆಯೋ ಹಾಗೆ ದಿನಾ ಮಾಡೋ ಕೆಲಸ, ಬಿಟ್ರೆ ಕೊಳೆ ಕೂರುತ್ತೆ ಅಷ್ಟೇ. ಸಂಧ್ಯಾವಂದನೆ ಮಾಡೋ ಭಟ್ರೊಬ್ರು ನಮ್ ಗುಂಪಲ್ಲಿದಾರೆ, ಹೋಟೆಲ್ ನಡೆಸ್ತಾರೆ ಕಿಂಗ್ಸ್ ಸರ್ಕಲಲ್ಲಿ, ಅವ್ರಿಗೆ ಇದು ಒಂದೇ ಏಟಿಗೆ ಅರ್ಥ ಆಯ್ತು, "ಇಡ್ಲಿ ಹಿಟ್ಟು ರುಬ್ಬಕ್ಕೆ ಹಾಕಿ ಜಪ ಮಾಡ್ತೇನೆ ಮಾರಾಯ್ರೆ, ಎರಡ್ರಲ್ಲಿ ಯಾವ್ದು ಬಿಟ್ರೂ ಆ ದಿನ ಹಾಳು" ಅಂದ್ರು.

ಮೂರು ಧರ್ಮದ ವಿಷ್ಯ ಬಂದಾಗ ಹುಷಾರು, ಇಲ್ಲಿ ಚರ್ಚೆ ಟೀವಿ ಡಿಬೇಟ್ ಆಗೋ ಚಾನ್ಸಿದೆ. ಪೈ ಹಿಂದೂ ಆಗೇ ಇದ್ಕೊಂಡು ಚರ್ಚಿಗೂ ಹೋಗ್ತಾನೆ ಮಸೀದಿಗೂ ಹೋಗ್ತಾನೆ, ಕೊನೆಗೆ ಪಾದ್ರಿ, ಪಂಡಿತ, ಇಮಾಮ್ ಮೂವರೂ ಬೀಚಲ್ಲಿ ಅಪ್ಪ ಅಮ್ಮನ ಮುಂದೆ ಎದುರಾಗಿ ಇವನು ನಮ್ಮೋನು ನಮ್ಮೋನು ಅಂತ ಕಿತ್ತಾಡ್ತಾರೆ. ಇದನ್ನ ಸಿದ್ಧಾಂತದ ಮೇಲೆ ಎಳೀಬೇಡಿ, ನಿಮ್ ವಾರದ ಮೇಲೆ ಎಳೀರಿ. ನಾನು ಕೇಳಿದ್ದು ಇಷ್ಟೇ: "ಮಂಗಳವಾರ ಸಿದ್ಧಿವಿನಾಯಕ, ಬುಧವಾರ ಮಾಹಿಮ್ ಚರ್ಚಿನ ನೊವೆನಾ, ಗುರುವಾರ ಮಾಹಿಮ್ ದರ್ಗಾ, ಈ ಮೂರ್ರಲ್ಲಿ ಎರಡಕ್ಕಾದ್ರೂ ಹೋಗಿರೋರು ಕೈ ಎತ್ತಿ." ಹನ್ನೊಂದು ಜನದಲ್ಲಿ ಎಂಟು ಕೈ. ಮಗಳ ಪರೀಕ್ಷೆ, ಗಂಡನ ಬೈಪಾಸ್, ಫ್ಲ್ಯಾಟಿನ ಲೋನು, ಒಬ್ಬೊಬ್ರದ್ದು ಒಂದೊಂದು. ಒಬ್ರು ಹೇಳಿದ್ರು, ಮನೆ ಆಗ್ಲಿ ಅಂತ ಹರಕೆಗೆ ಮೇಣದ ಮನೆ ಇಟ್ಟಿದ್ದೆ ನೊವೆನಾ ಪ್ರಾರ್ಥನೇಲಿ, ಆರು ತಿಂಗಳಲ್ಲಿ ಡೊಂಬಿವಲೀಲಿ ಒನ್ ಬಿಎಚ್‌ಕೆ ಆಯ್ತು, ಗೃಹಪ್ರವೇಶಕ್ಕೆ ಸತ್ಯನಾರಾಯಣ ಪೂಜೆ ಮಾಡಿಸ್ದೆ ಅಂತ. ಪೈ ಹುಚ್ಚ ಅಂತ ಮೊದಲ ವಾರ ಅಂದಿದ್ದೂ ಇವ್ರೇ.

ಮೀನಿನ ಭಾಗ ಗಟ್ಟಿಯಾಗಿ ಓದಿ. ಅವನು ಸಸ್ಯಾಹಾರಿ. ಮೊದಲ ಹಾರುಮೀನಿನ ಕತ್ತು ಮುರೀಬೇಕಾದ್ರೆ ಕಂಬಳೀಲಿ ಸುತ್ತಿ, ಅಳ್ತಾ, ಆಗದೇ, ಕೊನೆಗೆ ಮುರೀತಾನೆ, ಆಮೇಲೆ ಬದುಕಿರೋವರೆಗೂ ಪ್ರಾರ್ಥನೇಲಿ ಆ ಮೀನನ್ನ ನೆನೆಸ್ಕೊತಾನೆ. ಸ್ವಲ್ಪ ಹೊತ್ತಲ್ಲೇ ಒಂದು ದೊಡ್ಡ ಮೀನು ಸಿಕ್ಕಾಗ ಕೈ ನಡುಗಲ್ಲ, ಮತ್ಸ್ಯಾವತಾರ ನೆನೆಸ್ಕೊಂಡು ವಿಷ್ಣುಗೆ ಥ್ಯಾಂಕ್ಸ್ ಹೇಳ್ತಾನೆ. ಇಲ್ಲಿ ನಿಲ್ಸಿ, ಎರಡು ನಿಮಿಷ ಯಾರೂ ಮಾತಾಡ್ಬೇಡಿ. ನಮ್ಮಲ್ಲಿ ಮೀನು ತಿನ್ನೋರು ಕರಾವಳಿಯೋರು ನಾಲ್ಕು ಜನ, ಈರುಳ್ಳಿನೂ ತಿನ್ನದೋರು ಇಬ್ರು. ಆಶ್ಚರ್ಯ ಏನಂದ್ರೆ ಜಾಸ್ತಿ ಕಸಿವಿಸಿ ಆಗಿದ್ದು ಮೀನು ತಿನ್ನೋರಿಗೆ, "ನಾವು ಅಳೋದೇ ಇಲ್ವಲ್ಲ" ಅಂದ್ರು ಒಬ್ರು, ಬಂಗುಡೆ ಸಾರಿನ ವಿಷ್ಯ ಅದಾದ್ಮೇಲೆ ಅವತ್ತು ಬರ್ಲೇ ಇಲ್ಲ.

ಇಷ್ಟಾದ್ಮೇಲೆ ಬ್ಯಾನ್ ತೆಗೀರಿ. ಈಗ ಹುಲಿ.

ನಾವು ಕನ್ನಡದೋರು ಈ ಪುಸ್ತಕಕ್ಕೆ ಖಾಲಿ ಕೈಯಲ್ಲಿ ಬರಲ್ಲ, ತಲೆ ತುಂಬಾ ಹುಲಿ ಇಟ್ಕೊಂಡೇ ಬರ್ತೀವಿ. ಪುಣ್ಯಕೋಟಿ ಕಥೆಯ ಹುಲಿ, ಮಾತು ಉಳಿಸ್ಕೊಂಡು ಬಂದ ಹಸು ನೋಡಿ ನಾಚ್ಕೊಂಡು ಪ್ರಾಣ ಬಿಡೋದು. ಮಾದೇಶ್ವರ ಸವಾರಿ ಮಾಡೋ ಹುಲಿ. ನವರಾತ್ರೀಲಿ ತಾಸೆ ಬಡಿದ್ರೆ ಮಂಗಳೂರಿನೋರ ಕಾಲು ತಾನಾಗೇ ಕುಣಿಯೋ ಹುಲಿವೇಷ. ಈ ಮೂರೂ ಹುಲಿಗೆ ಮನುಷ್ಯನ ಅಥವಾ ದೇವರ ಜೊತೆ ಒಂದು ಒಪ್ಪಂದ ಇದೆ. ಅದಕ್ಕೇ ಮೆಕ್ಸಿಕೋ ದಡದಲ್ಲಿ ರಿಚರ್ಡ್ ಪಾರ್ಕರ್ ಒಂದ್ಸಲನೂ ತಿರುಗಿ ನೋಡದೇ ಕಾಡಿಗೆ ಹೋದಾಗ ನಮಗೆ ಅಷ್ಟು ಚುಚ್ಚೋದು. 227 ದಿನ ನೀರು ಕೊಟ್ಟಿದಾನೆ, ಮೀನು ಕೊಟ್ಟಿದಾನೆ, ಒಂದ್ಸಲ ತಿರುಗಿ ನೋಡಕ್ಕೇನು? ಗುಂಪಲ್ಲಿ ಎಲ್ರಿಗೂ ಕೇಳಿ, ನಿಮ್ ಹುಲಿ ಯಾವ್ದು, ಚಿಕ್ಕಂದಿಂದ ಯಾವ ಹುಲಿ ಕಥೆ ಕೇಳಿ ಬೆಳೆದಿರಿ. ಅದನ್ನ ಮಾತಾಡಿದ್ಮೇಲೆ ಈ ಹುಲೀದು ಬೇರೆ ಅಂತ ಅವ್ರಿಗೇ ಗೊತ್ತಾಗುತ್ತೆ, ಇದು ಯಾರಿಗೂ ಮಾತು ಕೊಟ್ಟಿಲ್ಲ. ಪೈ ಅಪ್ಪ ಆಡು ತೋರಿಸಿ ಹೇಳಿದ್ದೂ ಅದನ್ನೇ ಅಲ್ವಾ.

ಹೆಸರಿನ ಗಮ್ಮತ್ತನ್ನೂ ಹೇಳಿ. ಹುಲಿಮರಿ ಹಿಡಿದ ಬೇಟೆಗಾರನ ಹೆಸರು ರಿಚರ್ಡ್ ಪಾರ್ಕರ್, ಮರಿಗೆ ಅವನಿಟ್ಟ ಹೆಸರು 'ಬಾಯಾರಿದೋನು' ಅನ್ನೋ ಅರ್ಥದ್ದು, ಕಾಗದಪತ್ರದಲ್ಲಿ ಗುಮಾಸ್ತ ಅದಲುಬದಲು ಮಾಡ್ಬಿಟ್ಟ. ರೇಷನ್ ಕಾರ್ಡಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ತನ್ನ ಹೆಸರು ಬಂದಿರೋರು ನಮ್ ಪೈಕಿ ಇಬ್ರಿದ್ರು, ಅವ್ರಿಗೆ ಇದು ಸಿಂಬಲ್ಲೇ ಅಲ್ಲ, ಸರ್ಕಾರಿ ಕೆಲಸ. ಆದ್ರೆ ಈ ಹೆಸರು ಲೇಖಕ ಸುಮ್ನೆ ಆರಿಸಿದ್ದಲ್ಲ. 1884ರಲ್ಲಿ ಮಿನ್ಯೊನೆಟ್ ಅನ್ನೋ ಚಿಕ್ಕ ಹಡಗು ಇಂಗ್ಲೆಂಡಿಂದ ಆಸ್ಟ್ರೇಲಿಯಾಗೆ ಹೋಗ್ತಾ ಮುಳುಗಿತು, ನಾಲ್ಕು ಜನ ಸಣ್ಣ ದೋಣೀಲಿ ಉಳಿದ್ರು, ಅದ್ರಲ್ಲಿ 17 ವರ್ಷದ ಹುಡುಗ ರಿಚರ್ಡ್ ಪಾರ್ಕರ್. ಅವನನ್ನ ಕೊಂದು ತಿಂದು ಉಳಿದ ಮೂವರು ಬದುಕಿದ್ರು. ಅವ್ರಲ್ಲಿ ಡಡ್ಲಿ, ಸ್ಟೀಫನ್ಸ್ ಇಬ್ರಿಗೂ ಕೋರ್ಟು ಮರಣದಂಡನೆ ಕೊಡ್ತು, ಆಮೇಲೆ ಸರ್ಕಾರ ಅದನ್ನ ಆರು ತಿಂಗಳ ಜೈಲಿಗೆ ಇಳಿಸಿತು, ಹಸಿವಿದ್ದ ಮಾತ್ರಕ್ಕೆ ಕೊಲೆ ಮಾಫಿ ಇಲ್ಲ ಅನ್ನೋ ಆ ತೀರ್ಪನ್ನ ಇವತ್ತಿಗೂ ಲಾ ಕಾಲೇಜಲ್ಲಿ ಓದ್ತಾರೆ. ಇನ್ನೂ ವಿಚಿತ್ರ, ಅದಕ್ಕೆ 46 ವರ್ಷ ಮೊದ್ಲು, 1838ರಲ್ಲೇ ಎಡ್ಗರ್ ಅಲನ್ ಪೋ ಬರೆದ ಕಾದಂಬರೀಲಿ ಹಾಳಾದ ಹಡಗಿನ ಮೇಲೆ ತಿನ್ನಿಸ್ಕೊಳೋ ಪಾತ್ರದ ಹೆಸರೂ ರಿಚರ್ಡ್ ಪಾರ್ಕರ್. ಇದನ್ನ ಶುರೂಲೇ ಹೇಳ್ಬೇಡಿ. ಕೊನೇಲಿ ಪೈ ಹೇಳೋ ಎರಡನೇ ಕಥೆ, ಪ್ರಾಣಿಗಳ ಬದಲು ಮನುಷ್ಯರೇ ಇರೋ ಕಥೆ ಓದಿದ್ಮೇಲೆ ಹೇಳಿ. ನಾನು ಹೇಳಿದಾಗ ಟೆರೇಸಲ್ಲಿ ನೀರಿನ ಟ್ಯಾಂಕ್ ತುಂಬೋ ಸದ್ದು ಬಿಟ್ರೆ ಏನಿಲ್ಲ. ತಿನ್ನಿಸ್ಕೊಂಡೋನ ಹೆಸರನ್ನ ತಿನ್ನೋ ಪ್ರಾಣಿಗೆ ಇಟ್ಟಿದಾನೆ ಲೇಖಕ.

ಹೈನಾ ಅಂದ್ರೆ ಅಡುಗೆಯವನು ಅನ್ನೋ ಸಮೀಕರಣ ಇದೆಯಲ್ಲಾ, ಪುಸ್ತಕ ತೆಗೆದು ತೋರಿಸಿ, ಅದನ್ನ ಮಾಡೋದು ಪೈ ಅಲ್ಲ, ಹಡಗು ಯಾಕೆ ಮುಳುಗ್ತು ಅಂತ ವಿಚಾರಿಸಕ್ಕೆ ಬಂದ ಇಬ್ರು ಜಪಾನಿ ಸರ್ಕಾರಿ ಅಧಿಕಾರಿಗಳು. ಫಾರ್ಮ್ ತುಂಬಿಸ್ಬೇಕಾದೋರು. ಹೋದ್ ವರ್ಷ ನಾವು ಹತ್ತು ನಿಮಿಷದಲ್ಲಿ ಆ ಆಫೀಸರ್‌ಗಳೇ ಆಗ್ಬಿಟ್ಟಿದ್ವಿ. ಜೊತೆಗೆ ಆ ಸಮೀಕರಣಕ್ಕೆ ಸಿಗದೇ ಉಳಿಯೋದೂ ಇದೆ, ಆ ಮಾಂಸ ತಿನ್ನೋ ಪಾಚಿ ದ್ವೀಪ, ಹಣ್ಣಿನೊಳಗೆ ಹಲ್ಲು, ಸಾವಿರಾರು ಮೀರ್‌ಕ್ಯಾಟು, ಅದು ಯಾರು? ನಮ್ಮಲ್ಲಿ ಒಬ್ರು ಮುಂಬೈನೇ ಅಂದ್ರು, ಹಗಲು ಊಟ ಹಾಕುತ್ತೆ ರಾತ್ರಿ ಅರಗಿಸ್ಕೊಳುತ್ತೆ ಅಂತ. 10 ರೂಪಾಯಿ ಹಾಕಿಸ್ದೆ, ಬ್ಯಾನ್ ಇಲ್ದಿದ್ರೂ.

ಕೊನೇ ಐಟಮ್ಮಿಗೆ ಒಂದು ಬಕೆಟ್ ನೀರು, ಒಂದು ಡಜನ್ ಬಾಳೆಹಣ್ಣು. ಒರಾಂಗುಟಾನ್ ಬಾಳೆಗೊನೆ ರಾಶಿ ಮೇಲೆ ತೇಲಿಬಂತು ಅಂದಾಗ ಆಫೀಸರ್ ಬಾಳೆಹಣ್ಣು ತೇಲಲ್ಲ ಅಂತಾನೆ, ಪೈ ಸಿಂಕಲ್ಲಿ ಹಾಕಿ ನೋಡು ಅಂತಾನೆ. ನೀವೂ ಹಾಕೋ ಮೊದ್ಲು ವೋಟ್ ತಗೊಳಿ. ನಮ್ಮಲ್ಲಿ ಏಳು ಜನ ಮುಳುಗುತ್ತೆ ಅಂದ್ರು, ಬ್ಯಾಂಕ್ ಅಂಕಲ್ ಅಂತೂ ಬೆಟ್ಟು ಕಟ್ಟಿದ್ರು. ವೇಲ್ಚಿ ಹಣ್ಣು ಹಾಕಿದ್ವಿ, ಬಕೆಟ್ಟಲ್ಲಿ ಮುಳುಗಿದ ಹಾಗೆ ಮಾಡಿ ಪಟ್ ಅಂತ ಮೇಲೆ ಬಂದು ಮಲಗ್ತು. ಅಂಕಲ್ ಬಗ್ಗಿ ಬೆರಳಲ್ಲಿ ಅದುಮಿದ್ರು, ಮತ್ತೆ ಬಂತು. "ಸರಿ, ಬಾಳೆಹಣ್ಣು ನಿಜ" ಅಂದ್ರು, ಸ್ವಲ್ಪ ಹೊತ್ತು ಬಿಟ್ಟು, "ಹಂಗಂದ್ರೆ ಅಮ್ಮ ಅದ್ರ ಮೇಲೆ ಬಂದ್ಳು ಅಂತ ಬೇಕಾದ್ರೆ ನಂಬಬಹುದು" ಅಂದ್ರು, ಒರಾಂಗುಟಾನ್ ಅನ್ನಕ್ಕೆ ಹೋಗಿ ಅಮ್ಮ ಅಂದಿದ್ದು ಅವ್ರಿಗೇ ಗೊತ್ತಾಗ್ಲಿಲ್ಲ, ನಾವೂ ತಿದ್ದಕ್ಕೆ ಹೋಗ್ಲಿಲ್ಲ.

ಆಮೇಲೆ ಸೀಮೆಸುಣ್ಣದ ದೋಣಿನ ಒದ್ದೆ ಬಟ್ಟೇಲಿ ಒರೆಸಿ ಬರೋದು ಮರೀಬೇಡಿ. ನಾವು ಮರೆತಿದ್ವಿ, ಮಾರನೇ ದಿನ ಬೆಳಿಗ್ಗೆ ಬಿಲ್ಡಿಂಗ್ ಮಕ್ಕಳು ಅದ್ರೊಳಗೆ ಕೂತು ಆಡ್ತಿದ್ರಂತೆ, ಬೆಡ್‌ಶೀಟ್ ಇದ್ದ ಕಡೆ ಮಾತ್ರ ಯಾಕೋ ಖಾಲಿ ಬಿಟ್ಟಿದ್ರಂತೆ.